ಪ್ಯಾನ್‌ಕೇಕಿನ ಜಮಾ-ಖರ್ಚು

ನಾನು ನ್ಯೂಜೆರ್ಸಿಗೆ ಬಂದ ಮೊದಲ ವರ್ಷ, ತೆರಿಗೆ ಸಲ್ಲಿಕೆಯ ದಿನಗಳಲ್ಲಿ ಆಫೀಸಿನಿಂದ ಹೊರಬೀಳುವಾಗ ರಾತ್ರಿ ಹತ್ತು ದಾಟಿರುತ್ತಿತ್ತು. ಆ ಹೊತ್ತಿನಲ್ಲಿ ತೆರೆದಿರುತ್ತಿದ್ದುದು ಹೆದ್ದಾರಿ ಬದಿಯ ಒಂದು ಡೈನರ್ ಮಾತ್ರ. ಸಸ್ಯಾಹಾರಿಯಾದ ನಾನು ಅಷ್ಟುದ್ದದ ಮೆನುವಿನಲ್ಲಿ ಧೈರ್ಯವಾಗಿ ಬೆರಳಿಟ್ಟು ತೋರಿಸಿದ್ದು ಬಟರ್‌ಮಿಲ್ಕ್ ಪ್ಯಾನ್‌ಕೇಕ್ ಒಂದನ್ನೇ. ಸೆಟ್ ದೋಸೆಗಿಂತ ದಪ್ಪ, ಹತ್ತಿಯಷ್ಟು ಹಗುರ. ಅದರಲ್ಲಿ ಮೊಟ್ಟೆ ಇರುತ್ತದೆಂದು ತಿಳಿದದ್ದು ಎರಡು ತಿಂಗಳ ನಂತರ. ಅಷ್ಟರಲ್ಲಿ ರುಚಿ ಹತ್ತಿಬಿಟ್ಟಿತ್ತು. ಊರಿಗೆ ಫೋನ್ ಮಾಡಿದಾಗ ಈ ವಿಷಯ ಅಮ್ಮನಿಗೆ ಹೇಳಲಿಲ್ಲ.

ಕಳೆದ ಬೇಸಿಗೆಯಲ್ಲಿ ಅಮ್ಮ ಹಾಸನದಿಂದ ಬಂದರು. ಅಜ್ಜಿಗೆ ಪ್ಯಾನ್‌ಕೇಕ್ ತಿನ್ನಿಸಲೇಬೇಕೆಂದು ಮಗಳು ಹಟ ಹಿಡಿದಳು. ಮೊಟ್ಟೆ ಬಿಟ್ಟರೆ ಅದು ಉಬ್ಬುತ್ತದೆಯೇ? ಲೆಕ್ಕಿಗನಿಗೆ ಬಂದ ಪ್ರಶ್ನೆ ಇಷ್ಟೇ: ಈ ಉಬ್ಬನ್ನು ಯಾರ ಖಾತೆಗೆ ಜಮಾ ಮಾಡಬೇಕು? ಉತ್ತರ ಹುಡುಕುತ್ತ ಹೋದವನು ಇನ್ನೂರು ವರ್ಷ ಹಿಂದಕ್ಕೆ ಹೋದೆ.

ಅಮೆರಿಕದವರೂ ಒಂದು ಕಾಲಕ್ಕೆ ನಮ್ಮಂತೆಯೇ ರಾತ್ರಿ ಹಿಟ್ಟು ಕಲಸಿಟ್ಟು ಬೆಳಿಗ್ಗೆ ಹುಯ್ಯುತ್ತಿದ್ದರು. ಬಕ್‌ವೀಟ್ ಹಿಟ್ಟಿಗೆ ಯೀಸ್ಟ್ ಬೆರೆಸಿ ಹುದುಗಲು ಬಿಡುವುದು ಅಂದಿನ ರೂಢಿ. ಈ ದೇಶದವರೇ ಬರೆದ ಮೊದಲ ಅಡುಗೆ ಪುಸ್ತಕವೆಂದು ಹೆಸರಾದ ಅಮೀಲಿಯಾ ಸಿಮನ್ಸ್ ಅವರ ‘ಅಮೆರಿಕನ್ ಕುಕರಿ’ 1796ರಲ್ಲಿ ಹಾರ್ಟ್‌ಫರ್ಡ್‌ನಲ್ಲಿ ಅಚ್ಚಾಯಿತು. ಅದರಲ್ಲಿ ಯೀಸ್ಟ್ ಹಾಕಿದ ಬಕ್‌ವೀಟ್ ಕೇಕೂ ಇದೆ, ಮೆಕ್ಕೆಜೋಳದ ಹಿಟ್ಟಿನ ಸ್ಲ್ಯಾಪ್‌ಜ್ಯಾಕೂ ಇದೆ. ಜೋಳ ಈ ನೆಲದ ಮೂಲನಿವಾಸಿಗಳದ್ದು. ಮೊದಲ ಸಾಲ ಅಲ್ಲಿಂದಲೇ ಶುರು.

ಅದೇ ಪುಸ್ತಕದ ಕೆಲವು ತಿನಿಸುಗಳಲ್ಲಿ ಹೊಸದೊಂದು ಸಾಮಗ್ರಿ ಕಾಣಿಸುತ್ತದೆ: ಪರ್ಲ್‌ಆ್ಯಶ್. ಇದು ಮರದ ಬೂದಿಯಿಂದ ತೆಗೆದ ಕ್ಷಾರ. ವಲಸೆ ಬಂದ ರೈತರು ಹೊಲಕ್ಕಾಗಿ ಕಾಡು ಕಡಿದು ಸುಡುತ್ತಿದ್ದರು. ಆ ಬೂದಿಯನ್ನು ನೀರಿನಲ್ಲಿ ನೆನೆಸಿ, ಸೋಸಿ, ಬತ್ತಿಸಿ, ಮತ್ತೆ ಸುಟ್ಟರೆ ಬೆಳ್ಳನೆಯ ಪುಡಿ ಸಿಗುತ್ತಿತ್ತು. 1790ರ ಜುಲೈ 31ರಂದು ಅಮೆರಿಕ ಕೊಟ್ಟ ಮೊಟ್ಟಮೊದಲ ಪೇಟೆಂಟ್ ಈ ಬೂದಿಯ ಕ್ಷಾರ ತಯಾರಿಸುವ ವಿಧಾನಕ್ಕೇ. ಪಡೆದವರು ಸ್ಯಾಮ್ಯುಯೆಲ್ ಹಾಪ್ಕಿನ್ಸ್, ಸಹಿ ಹಾಕಿದವರು ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್. ಈ ಪುಡಿ ಹುಳಿ ಮಜ್ಜಿಗೆಗೆ ಬಿದ್ದರೆ ಇಂಗಾಲದ ಡೈಆಕ್ಸೈಡ್ ಹುಟ್ಟಿ ಹಿಟ್ಟು ನಿಮಿಷಗಳಲ್ಲಿ ಉಬ್ಬುತ್ತದೆ. ರಾತ್ರಿಯಿಡೀ ಕಾಯುವ ಕೆಲಸ ತಪ್ಪಿತು. ಆದರೆ ಜಿಡ್ಡಿನ ಜೊತೆ ಸೇರಿದರೆ ಸೋಪಿನ ರುಚಿ ಬರುತ್ತಿತ್ತು. 1846ರಲ್ಲಿ ಜಾನ್ ಡ್ವೈಟ್ ಮತ್ತು ಆಸ್ಟಿನ್ ಚರ್ಚ್ ಅಡುಗೆ ಸೋಡಾ ವ್ಯಾಪಾರಕ್ಕೆ ಇಳಿದರು. ಬೂದಿಯ ಪುಡಿ ಕ್ರಮೇಣ ಅಡುಗೆಮನೆಯಿಂದ ಮರೆಯಾಯಿತು.

ಮಜ್ಜಿಗೆಗೆ ಇಲ್ಲಿ ಬೆಲೆ ಬಂದದ್ದು ಹೀಗೆ. ಬೆಣ್ಣೆ ಕಡೆದ ಮೇಲೆ ಉಳಿಯುತ್ತಿದ್ದ ಹುಳಿ ನೀರು ಸೋಡಾಕ್ಕೆ ಜೋಡಿಯಾಯಿತು. ಇಂದು ಅಂಗಡಿಯಲ್ಲಿ ಸಿಗುವುದು ಕಡೆದ ಮಜ್ಜಿಗೆಯಲ್ಲ. ಕೊಬ್ಬು ಕಡಿಮೆ ಮಾಡಿದ ಹಾಲಿಗೆ ಹೆಪ್ಪು ಹಾಕಿದ್ದು ಅದು. ಅಮ್ಮ ಪೊಟ್ಟಣ ಬಗ್ಗಿಸಿ ನೋಡಿ, “ಇದು ಮೊಸರು ಕಣೋ, ಇದರಲ್ಲಿ ಬೆಣ್ಣೆ ತೆಗೆದಿದ್ದೆಲ್ಲಿ ಬಂತು?” ಎಂದರು. ಲೆಕ್ಕಪರಿಶೋಧನೆ ಸರಿಯಾಗಿಯೇ ಇತ್ತು.

ಡೈನರ್‌ನ ಚರಿತ್ರೆ ಬೇರೆಯೇ ದಾರಿಯದು. 1872ರಲ್ಲಿ ರೋಡ್ ಐಲೆಂಡ್‌ನ ಪ್ರಾವಿಡೆನ್ಸ್‌ನಲ್ಲಿ ವಾಲ್ಟರ್ ಸ್ಕಾಟ್ ಎಂಬಾತ ಕುದುರೆಗಾಡಿಯಲ್ಲಿ ಊಟ ತಂದು, ಪತ್ರಿಕಾ ಕಚೇರಿಯ ರಾತ್ರಿಪಾಳಿಯವರಿಗೆ ಮಾರತೊಡಗಿದ. ಆ ಗಾಡಿಯೇ ಬೆಳೆದು, ರೈಲಿನ ಊಟದ ಬೋಗಿಯ ರೂಪ ಹಾಗೂ ಹೆಸರು ಪಡೆದು, ನ್ಯೂಜೆರ್ಸಿಯ ಕಾರ್ಖಾನೆಗಳಲ್ಲಿ ತಯಾರಾಗಿ ಊರೂರಿಗೆ ಹೋಯಿತು. ಹೊತ್ತಲ್ಲದ ಹೊತ್ತಿನಲ್ಲಿ ದುಡಿಯುವವರ ಹೊಟ್ಟೆಗೆಂದು ಹುಟ್ಟಿದ ಅಂಗಡಿ ಅದು. ನನ್ನ ರಾತ್ರಿ ಹತ್ತರ ಪ್ಯಾನ್‌ಕೇಕ್ ಕೂಡ ಆ ಸಾಲಿನದೇ.

ಇಷ್ಟರಲ್ಲಿ ಲೆಕ್ಕ ಮುಗಿಯಿತು ಎಂದುಕೊಂಡಿದ್ದೆ. ಆದರೆ ಒಂದು ದೊಡ್ಡ ಬಾಕಿ ಪುಸ್ತಕಕ್ಕೇ ಏರಿರಲಿಲ್ಲ. 1889ರಲ್ಲಿ ಮಿಸ್ಸೌರಿಯ ಸೇಂಟ್ ಜೋಸೆಫ್‌ನ ಒಂದು ಗಿರಣಿಯಿಂದ, ಕಲಸಿದರೆ ಸಾಕು ಎನ್ನುವ ಪ್ಯಾನ್‌ಕೇಕ್ ಹಿಟ್ಟು ಹೊರಬಂತು. ಅದಕ್ಕಿಟ್ಟ ‘ಆಂಟ್ ಜೆಮೈಮಾ’ ಎಂಬ ಹೆಸರನ್ನು ತಂದದ್ದು ಕಪ್ಪುಜನರನ್ನು ಗೇಲಿ ಮಾಡುತ್ತಿದ್ದ ಮಿನ್‌ಸ್ಟ್ರೆಲ್ ಪ್ರದರ್ಶನಗಳ ಒಂದು ಹಾಡಿನಿಂದ. 1893ರ ಷಿಕಾಗೋ ವಿಶ್ವಮೇಳದಲ್ಲಿ ಆ ಹೆಸರು ಹೊತ್ತು ನಿಂತು ಪ್ಯಾನ್‌ಕೇಕ್ ಹುಯ್ದವರು ನ್ಯಾನ್ಸಿ ಗ್ರೀನ್. ಕೆಂಟಕಿಯಲ್ಲಿ ಗುಲಾಮಗಿರಿಯಲ್ಲೇ ಹುಟ್ಟಿದವರು. ಆ ಮೇಳದ ಅಂಗವಾಗಿ ನಡೆದ ಸರ್ವಧರ್ಮ ಸಮ್ಮೇಳನದಲ್ಲಿ ವಿವೇಕಾನಂದರು ಮಾತಾಡಿದ್ದನ್ನು, ಅವರಿಗೆ ಮೈಸೂರು ಅರಸರು ನೆರವಾಗಿದ್ದನ್ನು ನಾವು ಶಾಲೆಯಲ್ಲಿ ಓದಿದ್ದೇವೆ. ಅದೇ ವರ್ಷ ಅದೇ ಊರಿನಲ್ಲಿ ಕಾವಲಿಯ ಮುಂದೆ ನಿಂತ ಈ ಹೆಂಗಸಿನ ಹೆಸರು ನಾನು ಕೇಳಿಯೇ ಇರಲಿಲ್ಲ.

ನ್ಯಾನ್ಸಿ ಗ್ರೀನ್ 1923ರಲ್ಲಿ ಷಿಕಾಗೋದಲ್ಲಿ ತೀರಿಕೊಂಡರು. ಅವರ ಸಮಾಧಿಗೆ ಹೆಸರು ಬರೆದ ಕಲ್ಲು ಬಂದದ್ದು 2020ರಲ್ಲಿ. ಅದೇ ವರ್ಷ ಕಂಪನಿ ಆ ಹೆಸರನ್ನು ಕೈಬಿಡುವುದಾಗಿ ಸಾರಿತು. ನನ್ನ ಮನೆಯಲ್ಲೂ ಆ ಪೊಟ್ಟಣ ವರ್ಷಗಟ್ಟಲೆ ಇತ್ತು. ಅದರ ಮೇಲಿದ್ದ ಮುಖ ಯಾರದೆಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಕಂಡವರ ಪುಸ್ತಕದಲ್ಲಿ ತಪ್ಪು ಹುಡುಕಿ ಬದುಕುವವನು ನಾನು!

ಅಮ್ಮನಿಗಾಗಿ ಮಾಡಿದ್ದು ಹೀಗೆ. ಒಂದು ಕಪ್ ಮೈದಾಕ್ಕೆ ಒಂದು ಚಮಚ ಸಕ್ಕರೆ, ಅರ್ಧ ಟೀ ಚಮಚ ಅಡುಗೆ ಸೋಡಾ, ಅಷ್ಟೇ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪು. ಇವನ್ನು ಬೆರೆಸಿ ಒಂದು ಕಪ್ ಬಟರ್‌ಮಿಲ್ಕ್, ಎರಡು ಚಮಚ ಕರಗಿಸಿದ ಬೆಣ್ಣೆ ಹಾಕಬೇಕು. ಬಟರ್‌ಮಿಲ್ಕ್ ಇಲ್ಲದಿದ್ದರೆ ಹುಳಿ ಮೊಸರಿಗೆ ಸ್ವಲ್ಪ ನೀರು ಬೆರೆಸಿದರಾಯಿತು. ಗಂಟು ಉಳಿದರೂ ಚಿಂತೆಯಿಲ್ಲ. ಹೆಚ್ಚು ಕಲಸಿದರೆ ಜಿಗುಟಾಗಿ ಚಕ್ಕಳದಂತಾಗುತ್ತದೆ. ಹತ್ತು ನಿಮಿಷ ಬಿಟ್ಟು, ಹದವಾದ ಉರಿಯಲ್ಲಿ ಹುಯ್ದು, ಗುಳ್ಳೆ ಒಡೆದು ಅಂಚು ಒಣಗಿದಾಗ ಒಮ್ಮೆ ಮಾತ್ರ ಮಗುಚಬೇಕು. ಮೊಗಚೆಕೈಯಿಂದ ಒತ್ತಬಾರದು.

ಮೊಟ್ಟೆಯಿಲ್ಲದೆಯೂ ಉಬ್ಬಿತು. ತಿನ್ನುವಾಗ ನ್ಯಾನ್ಸಿ ಗ್ರೀನ್ ಕಥೆ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವಳ ಹೆಸರು ಏನಂದೆ? ಇನ್ನೊಂದು ಸಲ ಹೇಳು” ಎಂದರು. ಹೇಳಿದೆ. ಮಗಳು ಕೂಡ ಅಜ್ಜಿಯ ಜೊತೆ ಹೇಳಿಕೊಂಡಳು.

ಡೈನರ್‌ನ ಮೊಟ್ಟೆಯ ವಿಷಯವನ್ನು ಮಾತ್ರ ಇನ್ನೂ ಹೇಳಿಲ್ಲ. ಆ ಬಾಕಿ ಮುಂದಿನ ವರ್ಷಕ್ಕೆ ಕ್ಯಾರಿ ಫಾರ್ವರ್ಡ್ ಆಗಿದೆ.