ಅಳಿಸಿದ ಪುಟಕ್ಕೆ ಸಾಕ್ಷಿ ಹೇಳುವವರು ಯಾರು?

ವೆಬ್ ಪುಟ ಅನ್ನೋದು ಶಾಲೆಯ ಕರಿಹಲಗೆ ಇದ್ದ ಹಾಗೆ. ಬರೆದವನ ಕೈಯಲ್ಲೇ ಡಸ್ಟರೂ ಇರುತ್ತೆ. ಬೆಳಿಗ್ಗೆ ಓದಿದ್ದು ಸಂಜೆಗೆ ಇರೋದಿಲ್ಲ, ಇದ್ದರೂ ಎರಡು ಪದ ಬದಲಾಗಿರುತ್ತೆ. ಆಗ ನಾವೆಲ್ಲ ಮಾಡೋದು ಒಂದೇ ಕೆಲಸ, ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳೋದು. ಆದರೆ ಆ ಚಿತ್ರವನ್ನು ನಾಳೆ ಯಾರಾದರೂ ನಂಬಬೇಕಾದರೆ ಏನು ಬೇಕು? ಇದಕ್ಕೊಂದು ಇತಿಹಾಸವೇ ಇದೆ.

ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತಿರೋದು 2014ರ ಜುಲೈ 17. ಆಂಸ್ಟರ್‌ಡ್ಯಾಮಿನಿಂದ ಕೌಲಾಲಂಪುರಕ್ಕೆ ಹೊರಟಿದ್ದ ಮಲೇಷ್ಯಾ ಏರ್‌ಲೈನ್ಸಿನ ಎಂಎಚ್17 ವಿಮಾನವನ್ನು ಪೂರ್ವ ಉಕ್ರೇನಿನ ಮೇಲೆ ಹೊಡೆದುರುಳಿಸಿದರು. 298 ಜನ, ಒಬ್ಬರೂ ಉಳಿಯಲಿಲ್ಲ. ಅದೇ ಹೊತ್ತಿಗೆ ರಷ್ಯಾದ ವಿಕೆ ತಾಣದಲ್ಲಿ, ಸ್ಟ್ರೆಲ್ಕೋವ್ ಎಂಬ ಅಡ್ಡಹೆಸರಿನ ಬಂಡುಕೋರ ನಾಯಕ ಇಗೊರ್ ಗಿರ್ಕಿನ್ ಹೆಸರಲ್ಲಿದ್ದ ಪುಟವೊಂದು ಹೆಮ್ಮೆಯಿಂದ ಹೇಳಿಕೊಂಡಿತ್ತು: ತೊರೆಜ್ ಹತ್ತಿರ ಉಕ್ರೇನಿನ ಎಎನ್-26 ಸೇನಾ ವಿಮಾನ ಕೆಡವಿದ್ದೇವೆ, ನಮ್ಮ ಆಕಾಶದಲ್ಲಿ ಹಾರಬೇಡಿ ಅಂತ ಮೊದಲೇ ಎಚ್ಚರಿಸಿದ್ದೆವು ಅಂತ. ಬಿದ್ದದ್ದು ಪ್ರಯಾಣಿಕರ ವಿಮಾನ ಅಂತ ಗೊತ್ತಾಗುತ್ತಿದ್ದಂತೆ ಆ ಬರಹ ಮಾಯ!

ಆದರೆ ಇಂಟರ್ನೆಟ್ ಆರ್ಕೈವಿನ ವೇಬ್ಯಾಕ್ ಮಷೀನ್ ಅದನ್ನು ಅಷ್ಟರಲ್ಲೇ ಹಿಡಿದಿಟ್ಟಿತ್ತು. ಪ್ರತಿಯ ಮೇಲಿರೋ ಮುದ್ರೆ ಗ್ರೀನಿಚ್ ಸಮಯ ಮಧ್ಯಾಹ್ನ 3 ಗಂಟೆ 22 ನಿಮಿಷ 22 ಸೆಕೆಂಡು. ವಿಮಾನ ಬಿದ್ದು ಸುಮಾರು ಎರಡು ಗಂಟೆ. ಇದು ಬರೀ ಅದೃಷ್ಟ ಅಲ್ಲ ಕಣ್ರೀ. ಸ್ಟ್ಯಾನ್‌ಫರ್ಡಿನ ಹೂವರ್ ಸಂಸ್ಥೆಯಲ್ಲಿ ರಷ್ಯಾ ಸಂಗ್ರಹ ನೋಡಿಕೊಳ್ಳುವವರೊಬ್ಬರು, ಈ ಪುಟವನ್ನು ಉಳಿಸಬೇಕಾದವುಗಳ ಪಟ್ಟಿಗೆ ಜುಲೈ ಮೊದಲ ವಾರದಲ್ಲೇ ಸೇರಿಸಿದ್ದರು. ಯಾರೋ ಒಬ್ಬರು ಇದು ಬೇಕಾಗಬಹುದು ಅಂದುಕೊಂಡದ್ದರ ಫಲ ಅದು. ನನಗಂತೂ ಇಡೀ ಕಥೆಯಲ್ಲಿ ದೊಡ್ಡವರಾಗಿ ಕಾಣೋದು ಅವರೇ.

ಆ ಪುಟ ಅಭಿಮಾನಿಗಳದ್ದು, ಗಿರ್ಕಿನ್ ಬರೆದದ್ದಲ್ಲ ಎಂಬ ವಾದವೂ ಬಂತು. ಇದನ್ನು ಗಮನಿಸಬೇಕು. ಉಳಿಸಿದ ಪ್ರತಿ ಹೇಳೋದು ಇಷ್ಟೇ: ಈ ಹೊತ್ತಿಗೆ ಈ ವಿಳಾಸದಲ್ಲಿ ಈ ಮಾತು ಇತ್ತು. ಬರೆದವರು ಯಾರು, ಬರೆದದ್ದು ನಿಜವೇ ಅನ್ನೋದು ಬೇರೆ ಪ್ರಶ್ನೆ. 2022ರ ನವೆಂಬರಿನಲ್ಲಿ ನೆದರ್‌ಲ್ಯಾಂಡ್ಸ್‌ನ ನ್ಯಾಯಾಲಯ ಗಿರ್ಕಿನ್ ಮತ್ತು ಇನ್ನಿಬ್ಬರಿಗೆ ಅವರ ಗೈರುಹಾಜರಿಯಲ್ಲಿ ಜೀವಾವಧಿ ಶಿಕ್ಷೆ ಕೊಟ್ಟಾಗ, ಕದ್ದಾಲಿಸಿದ ಫೋನ್ ಕರೆ, ಫೋಟೋ, ವೀಡಿಯೋ ಎಲ್ಲವನ್ನೂ ಪರಿಶೀಲಿಸಬೇಕಾಯಿತು.

ಇಂಟರ್ನೆಟ್ ಆರ್ಕೈವನ್ನು ಬ್ರೂಸ್ಟರ್ ಕೇಲ್ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಶುರುಮಾಡಿದ್ದು 1996ರಲ್ಲಿ. ವೇಬ್ಯಾಕ್ ಮಷೀನ್ ಜನರಿಗೆ ಸಿಕ್ಕಿದ್ದು 2001ರಲ್ಲಿ. ಅದರ ಪ್ರತಿಗಳು ಬೇಗನೆ ಕೋರ್ಟಿಗೂ ಹೋದವು. 2004ರಲ್ಲೇ ಅಮೆರಿಕದ ಒಂದು ನ್ಯಾಯಾಲಯ, ಪೋಲಿಷ್ ಟೀವಿ ಸಂಸ್ಥೆಯೊಂದರ ಮೊಕದ್ದಮೆಯಲ್ಲಿ, ಆರ್ಕೈವಿನ ಸಿಬ್ಬಂದಿ ಕೊಟ್ಟ ಪ್ರಮಾಣಪತ್ರದ ಬಲದ ಮೇಲೆ ಹಳೇ ಪುಟಗಳನ್ನು ಸಾಕ್ಷ್ಯವಾಗಿ ಒಪ್ಪಿಕೊಂಡಿತು. ಪುಟ ಹೇಗೆ ಉಳಿಯುತ್ತೆ ಅಂತ ಹೇಳೋಕೆ ಒಬ್ಬ ಮನುಷ್ಯ ಬೇಕಾಯಿತು ನೋಡಿ!

ಸ್ಕ್ರೀನ್‌ಶಾಟಿಗೆ ಅಷ್ಟು ಮರ್ಯಾದೆ ಯಾಕಿಲ್ಲ ಅಂತೀರಾ? ಕಂಪ್ಯೂಟರಿನಲ್ಲಿ ಯಾವುದಾದರೂ ಪುಟ ತೆರೆದು ಎಫ್12 ಒತ್ತಿ, ಯಾರ ಬಾಯಲ್ಲಿ ಯಾವ ಮಾತು ಬೇಕಾದರೂ ಹಾಕಿ ಚಿತ್ರ ತೆಗೆಯಬಹುದು. ಫೋಟೋಶಾಪ್ ಕೂಡ ಬೇಡ.

ನಮ್ಮ ದೇಶದ ಕಾನೂನೂ ಇದೇ ಅನುಮಾನದ ಸುತ್ತ ತಿರುಗಿದೆ. 2000ದ ಐಟಿ ಕಾಯ್ದೆಯ ಜೊತೆ ಸಾಕ್ಷ್ಯ ಅಧಿನಿಯಮಕ್ಕೆ 65ಬಿ ಕಲಂ ಸೇರಿತು. ಪ್ರತಿ ಕೊಡುವುದಾದರೆ, ಅದು ಯಾವ ಯಂತ್ರದಿಂದ ಹೇಗೆ ಬಂತು ಅಂತ ಪ್ರಮಾಣಪತ್ರ ಕೊಡಬೇಕು ಅಂತ. ಸಂಸತ್ ಮೇಲಿನ ದಾಳಿಯ ಪ್ರಕರಣದಲ್ಲಿ, 2005ರಲ್ಲಿ, ಸುಪ್ರೀಂ ಕೋರ್ಟ್ ಅದಿಲ್ಲದೆಯೂ ನಡೆಯುತ್ತೆ ಅಂದಿತು. 2014ರಲ್ಲಿ ಕೇರಳದ ಚುನಾವಣಾ ತಕರಾರೊಂದರಲ್ಲಿ ಇಲ್ಲ, ಬೇಕೇ ಬೇಕು ಅಂದಿತು. ಪ್ರಮಾಣಪತ್ರ ಇಲ್ಲದ ಸೀಡಿಗಳನ್ನು ಪಕ್ಕಕ್ಕಿಟ್ಟರು. 2018ರಲ್ಲಿ ಮತ್ತೆ ಸಡಿಲ, 2020ರಲ್ಲಿ ಮತ್ತೆ ಬಿಗಿ. ಸರ್ಕಾರಿ ಕಚೇರಿಯ ನೆನಪಾಗೋದಿಲ್ವಾ? :) 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದ ಮೇಲೆ ಈ ವಿಷಯ 63ನೇ ಕಲಮಿಗೆ ಹೋಗಿದೆ. ಈಗ ಪ್ರಮಾಣಪತ್ರದಲ್ಲಿ ಎರಡು ಭಾಗ, ಒಂದನ್ನು ಸಾಕ್ಷ್ಯ ಕೊಡುವವರು ತುಂಬಬೇಕು, ಇನ್ನೊಂದನ್ನು ತಜ್ಞರು. ಜೊತೆಗೆ ಕಡತದ ಹ್ಯಾಶ್ ಸಂಖ್ಯೆ ಬರೀಬೇಕು. ಕಡತದಲ್ಲಿ ಒಂದು ಅಲ್ಪವಿರಾಮ ಬದಲಾದರೂ ಈ ಸಂಖ್ಯೆ ಪೂರ್ತಿ ಬೇರೆಯಾಗುತ್ತೆ. ಹೆಬ್ಬೆಟ್ಟಿನ ಗುರುತು ಅಂದುಕೊಳ್ಳಿ.

ನಾನು ಇಷ್ಟು ಮಾಡ್ತೀನಿ. ಅನುಮಾನ ಬಂದ ಪುಟದ ವಿಳಾಸವನ್ನು ಮೊದಲು ವೇಬ್ಯಾಕ್ ಮಷೀನಿಗೆ ಕೊಡ್ತೀನಿ. 2013ರಿಂದ ಯಾರು ಬೇಕಾದರೂ ಹೀಗೆ ಪುಟ ಉಳಿಸಬಹುದು, ದಿನಾಂಕದ ಮುದ್ರೆ ನನ್ನದಲ್ಲ, ಅವರದ್ದು. ಆಮೇಲೆ ಪುಟವನ್ನೇ ಇಳಿಸಿಕೊಂಡು, ಹ್ಯಾಶ್ ತೆಗೆದು ಗೆಳೆಯರೊಬ್ಬರಿಗೆ ಮೇಲ್ ಮಾಡ್ತೀನಿ. ಸ್ಕ್ರೀನ್‌ಶಾಟ್ ತೆಗೆಯೋದು ಕೊನೆಗೆ, ವಿಳಾಸದ ಪಟ್ಟಿಯೂ ಗಡಿಯಾರವೂ ಕಾಣೋ ಹಾಗೆ. ಲಾಗಿನ್ ಆಗಿಯೇ ನೋಡಬೇಕಾದ ಪುಟಗಳಿಗೆ ವೇಬ್ಯಾಕ್ ಕೆಲಸಕ್ಕೆ ಬರೋದಿಲ್ಲ. ಅದಕ್ಕೆ ನೀವೇನು ಮಾಡ್ತೀರಿ, ಹೇಳಿ.