ಲಾಂಛನ ಮತ್ತು ಚಾಸಿ ನಂಬರ್: ಬಿಡದಿಯ ಕಾರು, ಗ್ರಾಹಕನಿಷ್ಠೆ ಹಾಗೂ ರೀಕಾಲ್ ಕಾನೂನು

ರಾಮನಗರ ಸೀಮೆಯವರಿಗೆ ಕಾರು ಕಂಪನಿಯ ಹೆಸರು ಜಾಹೀರಾತಿನಿಂದ ಪರಿಚಯವಾದದ್ದಕ್ಕಿಂತ ನೆರೆಹೊರೆಯಿಂದ ಪರಿಚಯವಾದದ್ದೇ ಹೆಚ್ಚು. 1997ರಲ್ಲಿ ಸ್ಥಾಪನೆಯಾದ ಟೊಯೋಟಾ ಕಿರ್ಲೋಸ್ಕರ್ ಮೋಟಾರ್ 1999ರ ಕೊನೆಗೆ ಬಿಡದಿಯಲ್ಲಿ ಕ್ವಾಲಿಸ್ ತಯಾರಿಸಲು ತೊಡಗಿತು. ರಾಮನಗರ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ. ಜಿಲ್ಲೆಗಿಂತ ಕಾರ್ಖಾನೆಗೇ ವಯಸ್ಸು ಹೆಚ್ಚು. 2005ರಲ್ಲಿ ಕ್ವಾಲಿಸ್ ಜಾಗಕ್ಕೆ ಬಂದ ಇನ್ನೋವಾ ಮದುವೆ ದಿಬ್ಬಣಕ್ಕೆ, ತೀರ್ಥಯಾತ್ರೆಗೆ, ಆಸ್ಪತ್ರೆಯ ಓಡಾಟಕ್ಕೆ ಹೇಳಿ ಮಾಡಿಸಿದ ಬಾಡಿಗೆ ಗಾಡಿ ಎನಿಸಿಕೊಂಡಿತು. ಈ ನಿಷ್ಠೆಯನ್ನು ಮೌಢ್ಯವೆಂದು ತಳ್ಳಿಹಾಕುವುದು ನನ್ನ ಉದ್ದೇಶವಲ್ಲ. ಅದು ಗಾಡಿಯ ಯಾವ ಗುಣವನ್ನು ಅಳೆದು ಹುಟ್ಟಿತು, ಯಾವ ಗುಣ ಅದರ ಅಳತೆಗೆ ಸಿಗುವುದಿಲ್ಲ ಎಂಬುದನ್ನು ಇಲ್ಲಿ ಬಿಡಿಸಿ ನೋಡಲಾಗಿದೆ. ಸುರಕ್ಷತೆಯ ಮಟ್ಟಿಗೆ ನಂಬಿಕೆಯ ಆಧಾರ ಗಾಡಿಯ ಚಾಸಿ ನಂಬರ್ ಆಗಬೇಕೇ ಹೊರತು ಮೂತಿಯ ಮೇಲಿನ ಲಾಂಛನವಲ್ಲ. ರೀಕಾಲ್, ಅಂದರೆ ದೋಷವಿರುವ ಗಾಡಿಗಳನ್ನು ತಯಾರಕರೇ ಕರೆಸಿ ಪುಕ್ಕಟೆಯಾಗಿ ಸರಿಪಡಿಸುವ ವ್ಯವಸ್ಥೆ, ಆ ನಂಬರಿನ ಬೆನ್ನು ಹತ್ತಿ ಕೊನೆಯ ಮಾಲೀಕನವರೆಗೆ ಹೋಗಬೇಕು ಎಂಬುದು ನನ್ನ ವಾದ.

ನಿಷ್ಠೆಗೆ ತನ್ನದೇ ತರ್ಕವಿದೆ. ಮಾರುವವನಿಗೆ ಗಾಡಿಯ ಒಳಗುಟ್ಟು ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಿಲ್ಲದ ಸಂತೆಯಲ್ಲಿ ಕೆಟ್ಟ ಸರಕು ಒಳ್ಳೆಯದನ್ನು ಹೇಗೆ ಹೊರದಬ್ಬುತ್ತದೆ ಎಂದು ಅರ್ಥಶಾಸ್ತ್ರಜ್ಞ ಜಾರ್ಜ್ ಆಕರ್ಲಾಫ್ 1970ರಲ್ಲಿ ವಿವರಿಸಿದಾಗ ಎತ್ತಿಕೊಂಡ ಉದಾಹರಣೆ ಸೆಕೆಂಡ್ ಹ್ಯಾಂಡ್ ಕಾರುಗಳದ್ದೇ. ಅಂಥ ಸಂತೆಯಲ್ಲಿ ಹೆಸರುವಾಸಿ ಕಂಪನಿಯನ್ನು ಹಿಡಿಯುವುದು ಅಜ್ಞಾನಕ್ಕೆ ಕಂಡುಕೊಂಡ ಪರಿಹಾರ. ಆದರೆ ಆ ಹೆಸರು ಬರುವುದು ದಿನನಿತ್ಯ ಕಣ್ಣಿಗೆ ಬೀಳುವ ಗುಣಗಳಿಂದ: ಇಂಜಿನ್ ಎಷ್ಟು ಲಕ್ಷ ಕಿಲೋಮೀಟರ್ ಓಡಿತು, ಹಳ್ಳಿ ರಸ್ತೆಯ ಗುಂಡಿಗಳಲ್ಲಿ ಸಸ್ಪೆನ್ಷನ್ ತಡೆಯಿತೇ, ಮಾರುವಾಗ ಎಷ್ಟು ಹುಟ್ಟಿತು. ಏರ್‌ಬ್ಯಾಗ್, ಸೀಟ್ ಬೆಲ್ಟಿನ ಕೊಕ್ಕೆ, ಏರ್‌ಬ್ಯಾಗನ್ನು ನಿಯಂತ್ರಿಸುವ ಪೆಟ್ಟಿಗೆ ಈ ಲೆಕ್ಕಕ್ಕೆ ಬರುವುದಿಲ್ಲ. ಅವುಗಳ ನಿಜವಾದ ಪರೀಕ್ಷೆ ಅಪಘಾತದ ಆ ಒಂದು ಕ್ಷಣದಲ್ಲಿ ಮಾತ್ರ. ಹತ್ತು ವರ್ಷ ಕೈಕೊಡದ ಇಂಜಿನ್, ಅದೇ ಗಾಡಿಯ ಏರ್‌ಬ್ಯಾಗ್ ಬಗ್ಗೆ ಯಾವ ಸಾಕ್ಷಿಯನ್ನೂ ಹೇಳುವುದಿಲ್ಲ. ಬಾಳಿಕೆ ಕಂಡು ಹುಟ್ಟಿದ ನಂಬಿಕೆ ಸದ್ದಿಲ್ಲದೆ ಸುರಕ್ಷತೆಗೂ ಹಬ್ಬಿಕೊಳ್ಳುವುದೇ ಇಲ್ಲಿನ ತೊಡಕು.

2014ರ ಏಪ್ರಿಲ್ ತಿಂಗಳ ಘಟನೆ ಇದನ್ನು ಸ್ಪಷ್ಟಪಡಿಸುತ್ತದೆ. ಟೊಯೋಟಾ ಜಗತ್ತಿನಾದ್ಯಂತ ಅರುವತ್ತು ಲಕ್ಷಕ್ಕೂ ಹೆಚ್ಚು ವಾಹನಗಳಿಗೆ ರೀಕಾಲ್ ಘೋಷಿಸಿದಾಗ ಭಾರತದ ಪಾಲಿಗೆ ಬಂದದ್ದು ಸುಮಾರು 45,000 ಇನ್ನೋವಾ. 2005ರ ಫೆಬ್ರವರಿಯಿಂದ 2008ರ ಡಿಸೆಂಬರ್‌ವರೆಗೆ ತಯಾರಾದವು. ಸ್ಟೀರಿಂಗ್ ತಿರುಗಿದಂತೆ ಸುತ್ತಿ ಬಿಚ್ಚಿಕೊಳ್ಳುವ ಸುರುಳಿ ಕೇಬಲ್ ಸವೆದು ಸಂಪರ್ಕ ಕಡಿದರೆ ಚಾಲಕನ ಏರ್‌ಬ್ಯಾಗ್ ಉಬ್ಬದೆ ಹೋಗಬಹುದು ಎಂಬುದು ದೋಷ. ಇಂಜಿನ್ ಓಡುತ್ತಲೇ ಇರುತ್ತದೆ. ಬಹಳವೆಂದರೆ ಡ್ಯಾಶ್‌ಬೋರ್ಡಿನಲ್ಲಿ ಒಂದು ದೀಪ ಹೊತ್ತಿಕೊಳ್ಳುತ್ತದೆ. ಘೋಷಣೆ ಹೊರಬಿದ್ದಾಗ ಆ ಗಾಡಿಗಳಿಗೆ ಐದರಿಂದ ಒಂಬತ್ತು ವರ್ಷ ವಯಸ್ಸು. ಬಾಡಿಗೆ ಗಾಡಿಗಳು ಕೈ ಬದಲಾಯಿಸುವುದು ಇದೇ ಪ್ರಾಯದಲ್ಲಿ. ಬೆಂಗಳೂರಿನ ಟ್ರಾವೆಲ್ಸ್‌ನಲ್ಲಿ ದುಡಿದ ಗಾಡಿ ಎರಡನೆಯ, ಮೂರನೆಯ ಮಾಲೀಕನ ಪಾಲಾಗಿ ಕನಕಪುರ ತಾಲ್ಲೂಕಿನ ಕೋಡಿಹಳ್ಳಿಯಂಥ ಹೋಬಳಿ ಊರಿಗೆ ಬಂದು ನಿಂತ ಮೇಲೆ ಅದರ ನಂಟು ಸ್ಥಳೀಯ ಗ್ಯಾರೇಜಿನೊಂದಿಗೇ ಹೊರತು ಶೋರೂಮಿನೊಂದಿಗೆ ಅಲ್ಲ. ಶೋರೂಮಿನ ಕಡತದಲ್ಲಿ ಉಳಿದಿರುವುದು ಗಾಡಿಯನ್ನು ಎಂದೋ ಮಾರಿಬಿಟ್ಟವರ ವಿಳಾಸ, ಫೋನ್ ನಂಬರ್.

ಲಾಂಛನವನ್ನು ಸುರಕ್ಷತೆಯ ಗುರುತಾಗಿ ಇಟ್ಟುಕೊಳ್ಳಲು ಇನ್ನೊಂದು ಅಡ್ಡಿ ಇತ್ತೀಚಿನದು. ಟೊಯೋಟಾ–ಸುಜುಕಿ ಒಪ್ಪಂದದ ಫಲವಾಗಿ 2019ರಲ್ಲಿ ಮಾರುತಿಯ ಬಲೆನೋ ಟೊಯೋಟಾ ಗ್ಲ್ಯಾಂಝಾ ಎಂಬ ಹೆಸರಿನಲ್ಲೂ ಮಾರಾಟಕ್ಕೆ ಬಂತು. 2022ರಿಂದ ಮಾರುತಿಯ ಗ್ರ್ಯಾಂಡ್ ವಿಟಾರಾ ಮತ್ತು ಟೊಯೋಟಾದ ಹೈರೈಡರ್ ಎರಡೂ ಬಿಡದಿಯಲ್ಲೇ ತಯಾರಾಗುತ್ತಿವೆ. 2023ರ ಜನವರಿಯಲ್ಲಿ ಏರ್‌ಬ್ಯಾಗ್ ನಿಯಂತ್ರಕದ ಸಂಶಯದಿಂದ ಮಾರುತಿ 17,362 ಕಾರುಗಳಿಗೆ ರೀಕಾಲ್ ಘೋಷಿಸಿತು. ಬೆನ್ನಿಗೇ ಟೊಯೋಟಾ ಅದೇ ಭಾಗಕ್ಕಾಗಿ ಗ್ಲ್ಯಾಂಝಾ, ಹೈರೈಡರ್ ಸೇರಿ 1,390 ಕಾರುಗಳಿಗೆ ಘೋಷಿಸಿತು. ‘ಮಾರುತಿ ತಗಡು, ಟೊಯೋಟಾ ಗಟ್ಟಿ’ ಎಂಬ ಬಗೆಯ ಜಗಳಕ್ಕೆ ಇಲ್ಲಿ ನೆಲೆಯೇ ಉಳಿಯುವುದಿಲ್ಲ. ಜಪಾನಿನ ಟಕಾಟ ಕಂಪನಿಯ ಏರ್‌ಬ್ಯಾಗ್ ಹಗರಣದಲ್ಲಿ ಇದನ್ನು ಜಗತ್ತೇ ಕಂಡಿದೆ: ಅಮೋನಿಯಂ ನೈಟ್ರೇಟ್ ತುಂಬಿದ ಇನ್‌ಫ್ಲೇಟರ್‌ಗಳು ವರ್ಷಗಳ ಸೆಕೆ, ತೇವಕ್ಕೆ ಹದಗೆಟ್ಟು, ಅಪಘಾತದ ವೇಳೆ ಸಿಡಿದು ಲೋಹದ ಚೂರುಗಳನ್ನು ಎರಚುತ್ತಿದ್ದವು. ಅವನ್ನು ಬಳಸಿದ್ದು ಒಂದೆರಡು ಕಂಪನಿಯಲ್ಲ, ಹೆಚ್ಚುಕಡಿಮೆ ಎಲ್ಲ ದೊಡ್ಡ ಕಂಪನಿಗಳೂ. 2017ರಲ್ಲಿ ಟಕಾಟ ದಿವಾಳಿಯಾಯಿತು. ಇನ್‌ಫ್ಲೇಟರ್ ಇದ್ದ ಕಾರುಗಳು ರಸ್ತೆಯಲ್ಲಿ ಉಳಿದವು.

ಗಾಡಿಯ ಕಸುವಿನ ವಿಷಯದಲ್ಲಾದರೂ ಲಾಂಛನ ಭರವಸೆ ಕೊಡುತ್ತದೆಯೇ? 2024ರ ಜನವರಿಯಲ್ಲಿ, ಟೊಯೋಟಾ ಇಂಡಸ್ಟ್ರೀಸ್ ತಯಾರಿಸುವ ಮೂರು ಡೀಸೆಲ್ ಇಂಜಿನ್‌ಗಳ ಅಶ್ವಶಕ್ತಿ ಪರೀಕ್ಷೆಯಲ್ಲಿ ಅಕ್ರಮ ನಡೆದಿತ್ತೆಂದು ಬಹಿರಂಗವಾಯಿತು. ಅಳತೆಯ ಏರಿಳಿತ ಕಾಣದಿರಲೆಂದು, ಮಾರಾಟದ ಗಾಡಿಯಲ್ಲಿ ಇರುವುದಕ್ಕಿಂತ ಬೇರೆಯ ಸಾಫ್ಟ್‌ವೇರ್ ಹಾಕಿ ಪರೀಕ್ಷೆ ಮಾಡಲಾಗಿತ್ತು. ಭಾರತದಲ್ಲಿ ಇನ್ನೋವಾ ಕ್ರಿಸ್ಟಾ, ಫಾರ್ಚುನರ್, ಹೈಲಕ್ಸ್‌ಗಳ ರವಾನೆ ಕೆಲವು ದಿನ ನಿಂತು, ಮತ್ತೆ ಆರಂಭವಾಯಿತು. ಮಾರಾಟವಾದ ಗಾಡಿಗಳು ನಿಗದಿತ ಮಟ್ಟದಲ್ಲೇ ಇವೆ, ಓಡಿಸುವುದನ್ನು ನಿಲ್ಲಿಸಬೇಕಿಲ್ಲ ಎಂದು ಕಂಪನಿ ಹೇಳಿತು. ಆ ಮಾತನ್ನು ಅಲ್ಲಗಳೆಯಲು ನನ್ನಲ್ಲಿ ಕಾರಣವಿಲ್ಲ. ಆದರೆ ಕಂಪನಿಯ ಹೆಸರು ನಿಂತಿದ್ದ ಗುಣವೇ ಇಂಜಿನ್ನಿನದು. ಅದರ ಪ್ರಮಾಣಪತ್ರವೇ ಪ್ರಶ್ನೆಗೆ ಒಳಗಾದ ಮೇಲೆ, ಹೆಸರನ್ನು ನೋಡಿ ಪರೀಕ್ಷೆಯನ್ನು ಸಡಿಲಿಸುವಂತಿಲ್ಲ.

ಈ ವಾದಕ್ಕೆ ಬರಬಹುದಾದ ಮೊದಲ ಆಕ್ಷೇಪ ಸ್ಥಳೀಯವಾದದ್ದು, ಗೌರವದಿಂದ ಎದುರಿಸಬೇಕಾದದ್ದು. ಕಾರ್ಖಾನೆ ಸಾವಿರಾರು ಮನೆಗಳ ಒಲೆ ಉರಿಸಿದೆ. 2007ರಲ್ಲಿ ಆರಂಭವಾದ ಟೊಯೋಟಾ ತಾಂತ್ರಿಕ ತರಬೇತಿ ಸಂಸ್ಥೆ ರಾಜ್ಯದ ಹಳ್ಳಿಗಾಡಿನ ಬಡ ಮಕ್ಕಳಿಗೆ ಕಸುಬು ಕಲಿಸಿದೆ. ರೀಕಾಲ್ ಬಗ್ಗೆ ಎತ್ತಿ ಆಡಿದರೆ ನಮ್ಮ ಮಕ್ಕಳ ಅನ್ನದ ಮೇಲೇ ಕಲ್ಲು ಹಾಕಿದಂತಲ್ಲವೇ? ಅಲ್ಲ, ಏಕೆಂದರೆ ರೀಕಾಲ್ ಎಂಬುದು ಕಾರ್ಮಿಕನ ಕೈಕೆಲಸದ ಮೇಲಿನ ತೀರ್ಪಲ್ಲ. ಮೇಲೆ ಹೇಳಿದ ದೋಷಗಳೆಲ್ಲ ನಿರ್ದಿಷ್ಟ ಬಿಡಿಭಾಗದ್ದು. ಯಾವ ತಿಂಗಳ ಯಾವ ಗಾಡಿಗೆ ಯಾವ ಭಾಗ ಹೋಯಿತೆಂದು ಲೆಕ್ಕ ಇಟ್ಟಿರುವ ಕಾರ್ಖಾನೆ ಮಾತ್ರ 1,390 ಎಂದು ಬಿಡಿಯಾಗಿ ಎಣಿಸಿ ಹೇಳಬಲ್ಲದು. ಬಚ್ಚಿಟ್ಟರೆ ಆಗುವ ನಷ್ಟಕ್ಕೂ ಪುರಾವೆ ಇದೆ. ತಾನಾಗಿ ವೇಗ ಏರುವ ಕಾರುಗಳ ವಿವಾದದಲ್ಲಿ ಕಂಪನಿಯ ಅಂದಿನ ಅಧ್ಯಕ್ಷ ಅಕಿಯೊ ಟೊಯೊಡಾ 2010ರ ಫೆಬ್ರವರಿಯಲ್ಲಿ ಅಮೆರಿಕದ ಸಂಸತ್ ಸಮಿತಿಯ ಮುಂದೆ ಕ್ಷಮೆ ಕೇಳಬೇಕಾಯಿತು. ಗ್ರಾಹಕರಿಗೆ ಸತ್ಯ ಹೇಳಲಿಲ್ಲವೆಂಬ ಆರೋಪ ಇತ್ಯರ್ಥವಾಗಲು ಕಂಪನಿ 2014ರಲ್ಲಿ 120 ಕೋಟಿ ಡಾಲರ್ ತೆತ್ತಿತು.

ಎರಡನೆಯ ಆಕ್ಷೇಪ: ಕಾನೂನು ಈಗಾಗಲೇ ಇದೆಯಲ್ಲ. ಹೌದು. 2012ರಲ್ಲಿ ತಯಾರಕರ ಸಂಘ ಸ್ವಯಂಪ್ರೇರಿತ ಸಂಹಿತೆಯೊಂದನ್ನು ರೂಪಿಸಿಕೊಂಡಿತು. 2019ರ ತಿದ್ದುಪಡಿ ಮೋಟಾರು ವಾಹನ ಕಾಯ್ದೆಗೆ 110ಎ ಕಲಮನ್ನು ಸೇರಿಸಿ, ರೀಕಾಲ್‌ಗೆ ಆದೇಶಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿತು. ತಾನಾಗಿ ದೋಷ ಒಪ್ಪಿ ಕರೆಸಿಕೊಳ್ಳುವ ತಯಾರಕನಿಗೆ ದಂಡದಿಂದ ವಿನಾಯಿತಿಯನ್ನೂ ಇಟ್ಟಿತು. ಇದು ವಿವೇಕದ ಕೆಲಸ. ಆದರೆ 2021ರ ಏಪ್ರಿಲ್‌ನಿಂದ ಜಾರಿಯಾದ ನಿಯಮದಲ್ಲಿ ಎರಡು ಕೊರತೆಗಳಿವೆ. ಕಡ್ಡಾಯ ರೀಕಾಲ್ ಏಳು ವರ್ಷದೊಳಗಿನ ವಾಹನಗಳಿಗೆ ಮಾತ್ರ. ಈ ಅಳತೆಗೋಲನ್ನು 2014ರ ಪ್ರಕರಣಕ್ಕೆ ಹಿಡಿದರೆ 2005, 2006ರ ಇನ್ನೋವಾಗಳು ಹೊರಗೇ ಉಳಿಯುತ್ತವೆ. ಸವೆಯುವ ಕೇಬಲ್, ಹದಗೆಡುವ ಇನ್‌ಫ್ಲೇಟರ್ ವಯಸ್ಸಾದಂತೆ ಹೆಚ್ಚು ಅಪಾಯಕಾರಿ. ಕಾನೂನಿನ ರಕ್ಷಣೆ ಮಾತ್ರ ವಯಸ್ಸಾದಂತೆ ಕಳಚಿಕೊಳ್ಳುತ್ತದೆ. ಹಳೆಯ ಗಾಡಿ ಕೊಳ್ಳುವವನು ಬಹುಪಾಲು ಕೈಯಲ್ಲಿ ಕಾಸು ಕಡಿಮೆ ಇರುವವನು ಎಂಬುದನ್ನೂ ಮರೆಯಬಾರದು.

ಇನ್ನೊಂದು ಕೊರತೆ ದೂರಿನದು. ಮಾರಾಟದ ಪ್ರಮಾಣಕ್ಕೆ ತಕ್ಕಂತೆ ನಿಗದಿಯಾದ ಸಂಖ್ಯೆಯಷ್ಟು ಮಾಲೀಕರು ಸರ್ಕಾರದ ರೀಕಾಲ್ ಪೋರ್ಟಲ್‌ನಲ್ಲಿ ದೂರು ದಾಖಲಿಸಿದರೆ ವಿಚಾರಣೆ ಮೊದಲಾಗುತ್ತದೆ. ಸಂಸ್ಥೆಯೊಂದರ ಮೇಲೆ ನಿಷ್ಠೆ ಇರುವವರು ಅದನ್ನು ಬಿಟ್ಟುಹೋಗದೆ ದನಿ ಎತ್ತಿ ತಿದ್ದುತ್ತಾರೆ ಎಂಬುದು 1970ರ ತನ್ನ ಗ್ರಂಥದಲ್ಲಿ ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹಿರ್ಶ್‌ಮನ್ ಮಂಡಿಸಿದ ವಿಚಾರ. ನಮ್ಮ ಸಂದರ್ಭಕ್ಕೆ ಇದು ಅರ್ಧ ಮಾತ್ರ ಹೊಂದುತ್ತದೆ. ಗ್ಯಾರೇಜಿನಲ್ಲಿ ಎಚ್ಚರಿಕೆಯ ದೀಪದ ವೈರು ಕಿತ್ತು ಗಾಡಿ ಹೊರಟುಬಿಟ್ಟರೆ ಆ ದೋಷ ಯಾವ ಲೆಕ್ಕಕ್ಕೂ ಸೇರುವುದಿಲ್ಲ. ‘ಈ ಗಾಡಿಗೆ ಏನೂ ಆಗಲ್ಲ ಬಿಡಿ’ ಎಂಬ ನಂಬಿಕೆ ದನಿ ಎತ್ತಿಸುವ ಬದಲು ದನಿಯನ್ನು ಅಡಗಿಸುತ್ತದೆ.

ಕಂಪನಿಯ ವೆಬ್‌ಸೈಟಿನಲ್ಲಿ ಚಾಸಿ ನಂಬರ್ ಹಾಕಿ ನೋಡಿಕೊಳ್ಳಬಹುದಲ್ಲ ಎನ್ನುವವರಿದ್ದಾರೆ. ನೋಡಬಹುದು, ಮೊದಲೇ ಅನುಮಾನ ಇದ್ದವರು. ಅನುಮಾನವೇ ಇಲ್ಲದವರಿಗೆ ಸುದ್ದಿ ಮುಟ್ಟಿಸಲು ಸರ್ಕಾರದ ಕೈಯಲ್ಲೇ ದಾರಿಗಳಿವೆ. ಹಳದಿ ಬೋರ್ಡ್ ಗಾಡಿ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿಗೆ, ಅಂದರೆ ಯೋಗ್ಯತಾ ತಪಾಸಣೆಗೆ, ನಿಲ್ಲಲೇಬೇಕು. ಬಿಳಿ ಬೋರ್ಡ್ ಗಾಡಿ ಕೈ ಬದಲಾದಾಗ ಆರ್‌ಟಿಒ ಕಡತಕ್ಕೆ ಬರಲೇಬೇಕು. ಸರ್ಕಾರದ ‘ವಾಹನ್’ ನೋಂದಣಿ ದತ್ತಾಂಶದಲ್ಲಿ ಚಾಸಿ ನಂಬರೂ ಇದೆ, ಈಗಿನ ಮಾಲೀಕನ ಹೆಸರೂ ಇದೆ. ಕಂಪನಿಗಳು ಬಾಕಿ ರೀಕಾಲ್‌ಗಳ ಪಟ್ಟಿಯನ್ನು ಅದಕ್ಕೆ ಜೋಡಿಸಬೇಕು, ಏಳು ವರ್ಷದ ಮಿತಿ ಹೋಗಬೇಕು, ಬಾಕಿ ದುರಸ್ತಿಯನ್ನು ಎಫ್‌ಸಿ ವೇಳೆ ಮಾಲೀಕನಿಗೆ ಕನ್ನಡದಲ್ಲಿ ಬರೆದು ಕೊಡಬೇಕು. ಸಾರಿಗೆ ಇಲಾಖೆಗೆ ಇದು ಹೊಸ ಕಚೇರಿಯನ್ನೂ ಹೊಸ ಸಿಬ್ಬಂದಿಯನ್ನೂ ಬೇಡುವ ಕೆಲಸವಲ್ಲ. 2005ರಲ್ಲಿ ಬಿಡದಿಯಿಂದ ಹೊರಟ ಇನ್ನೋವಾಗಳಿಗೆ ಈಗ ಇಪ್ಪತ್ತು ತುಂಬಿದೆ. ಅವುಗಳಲ್ಲಿ ಯಾವುದರ ಕೇಬಲ್ ಬದಲಾಯಿತು, ಯಾವುದರದು ಇಲ್ಲ ಎಂದು ಆರ್‌ಸಿ ಹೇಳುವುದಿಲ್ಲ. ಆ ವಿವರಕ್ಕೆ ಅದರಲ್ಲಿ ಜಾಗವೇ ಇಲ್ಲ.