ಪೆರಡಾಲ: ಗೆರೆಯ ಈಚೆ, ನುಡಿಯ ಆಚೆ

ಮೈಸೂರಿನ ಉದಯಗಿರಿಯಲ್ಲಿ ಸಂಜೆಯ ಹೊತ್ತು ಅಂಗಡಿಯೊಂದರ ಮುಂದೆ ನಿಂತರೆ, ಉರ್ದುವಿನಲ್ಲಿ ಆರಂಭವಾದ ಮಾತು ಕನ್ನಡದಲ್ಲಿ ಮುಗಿಯುವುದನ್ನು ಕೇಳಬಹುದು. ಆಡುವವರಿಗೆ ತಾವು ಯಾವುದೋ ಗಡಿಯನ್ನು ದಾಟಿದೆವೆಂಬ ಎಚ್ಚರವೇ ಇರುವುದಿಲ್ಲ. ಇಂಥ ನೆಲದ ಮೇಲೆ ಒಂದು ದಿನ ನಿಜವಾಗಿಯೇ ಗೆರೆಯೊಂದು ಬಿದ್ದರೆ ಏನಾದೀತು?

ಇದು ಬರಿಯ ಕಲ್ಪನೆಯಲ್ಲ. ಯುರೋಪಿನ ಮೇಲಣ ಸಿಲೇಶಿಯಾದಲ್ಲಿ 1921ರಲ್ಲಿ ಜನಮತ ಪಡೆದು, ಮರುವರ್ಷ ಆ ಪ್ರಾಂತವನ್ನು ಜರ್ಮನಿಗೂ ಪೋಲೆಂಡಿಗೂ ಹಂಚಲಾಯಿತು. ಎರಡು ನುಡಿಗಳನ್ನೂ ಆಡುತ್ತಿದ್ದ ಹಳ್ಳಿಗಳು ಒಂದು ದೇಶದ ಪಾಲಾಗಲೇಬೇಕಾಯಿತು. ನಮ್ಮಲ್ಲಿ ಅಂಥ ಮತದಾನ ನಡೆಯಲಿಲ್ಲ. ಗೆರೆ ಮಾತ್ರ ಬಿದ್ದಿತು. ಹಾಗೆ ಗೆರೆಯ ಆಚೆಗೆ ಉಳಿದ ಊರುಗಳಲ್ಲಿ ಕಾಸರಗೋಡಿನ ಪೆರಡಾಲವೂ ಒಂದು.

ಮದರಾಸು ಆಡಳಿತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಸರಗೋಡು ತಾಲ್ಲೂಕು 1956ರ ನವೆಂಬರ್ 1ರಂದು ಕೇರಳಕ್ಕೆ ಹೋಯಿತು. ಜಿಲ್ಲೆಯ ಉಳಿದ ಮುಖ್ಯ ಭಾಗ ಮೈಸೂರು ರಾಜ್ಯವನ್ನು ಸೇರಿತು. ಮನೆಯಲ್ಲಿ ತುಳುವನ್ನೋ ಹವ್ಯಕ ಕನ್ನಡವನ್ನೋ ಆಡಿ, ಶಾಲೆಯಲ್ಲಿ ಕನ್ನಡ ಓದಿ, ಪೇಟೆಯಲ್ಲಿ ಮಲಯಾಳಂ ಆಡುವ ಜನರ ಸೀಮೆಯದು. ಕನ್ನಡವೋ ಮಲಯಾಳವೋ ಎಂಬ ರಾಜ್ಯಗಳ ವಾದದಲ್ಲಿ ತುಳುವಿಗೆ ಪ್ರತ್ಯೇಕ ಸ್ಥಾನವೇ ಇರಲಿಲ್ಲ. 1966ರಲ್ಲಿ ನೇಮಕಗೊಂಡ ಮಹಾಜನ್ ಆಯೋಗವು ಮರುವರ್ಷ ತನ್ನ ವರದಿಯಲ್ಲಿ, ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂದು ಶಿಫಾರಸು ಮಾಡಿತು. ಅದು ಜಾರಿಗೆ ಬರಲಿಲ್ಲ.

ಈ ಪೆರಡಾಲದ ನವಜೀವನ ಪ್ರೌಢಶಾಲೆಯಲ್ಲಿ ಅಧ್ಯಾಪಕರಾಗಿದ್ದವರು ಕವಿ ಕಯ್ಯಾರ ಕಿಞ್ಞಣ್ಣ ರೈ (1915–2015). ಅವರ ಮನೆಮಾತು ತುಳು. ಬರವಣಿಗೆ ಮುಖ್ಯವಾಗಿ ಕನ್ನಡ. ಕಾಸರಗೋಡು ಕರ್ನಾಟಕದೊಡನೆ ಒಂದಾಗಬೇಕೆಂಬ ಹೋರಾಟದಲ್ಲಿ ಅವರದು ಮುಂಚೂಣಿಯ ದನಿ. ಅದೇ ಕವಿಯೇ ಮಲಯಾಳಂ ಮಹಾಕವಿ ಕುಮಾರನ್ ಆಶಾನರ ಖಂಡಕಾವ್ಯಗಳನ್ನು ಕನ್ನಡಕ್ಕೆ ತಂದರು! ಗಡಿಯೊಡನೆ ಜಗಳವಿದ್ದಿತೇ ಹೊರತು ನೆರೆಯ ನುಡಿಯೊಡನೆ ಇರಲಿಲ್ಲ. ಆ ಇಡೀ ಚಳವಳಿಯ ಕುರಿತು ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಕೇ?

ಆದರೂ ಸೌಹಾರ್ದವೊಂದರಿಂದಲೇ ನುಡಿ ಉಳಿಯದು. ಹಳ್ಳಿಗನಿಗೆ ರಾಜ್ಯವೆಂದರೆ ಭೂಪಟವಲ್ಲ. ಕಛೇರಿಯ ಅರ್ಜಿ, ತೆರಿಗೆಯ ಚೀಟಿ, ಮಗುವಿನ ಪಾಠಪುಸ್ತಕ. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ತಾಯ್ನುಡಿಯಲ್ಲಿ ಬೋಧನೆಯ ಸೌಕರ್ಯವಿರಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಆ ವಿಧಿ ಸೇರ್ಪಡೆಯಾದುದೂ ಗೆರೆ ಬಿದ್ದ 1956ರಲ್ಲಿಯೇ. 2017ರಲ್ಲಿ ಕೇರಳವು ಹತ್ತನೆಯ ತರಗತಿಯವರೆಗೆ ಮಲಯಾಳಂ ಕಲಿಕೆಯನ್ನು ಕಡ್ಡಾಯಗೊಳಿಸಲು ಹೊರಟಾಗ ಕಾಸರಗೋಡಿನ ಕನ್ನಡಿಗರು ಬೀದಿಗಿಳಿದುದು ಮಲಯಾಳವನ್ನು ಅರಿಯದೆ ಅಲ್ಲ. ತಾವಾಗಿ ಕಲಿತ ನೆರೆನುಡಿ ನಂಟು. ಕಡ್ಡಾಯದಿಂದ ಬಂದುದು, ತನ್ನ ನುಡಿಯ ಸ್ಥಾನವನ್ನು ಕಸಿದೀತೆಂಬ ಅಂಜಿಕೆ.

ಈ ಮಾತು ಕೇರಳಕ್ಕಷ್ಟೇ ಸಲ್ಲುವುದಲ್ಲ. ಪೆರಡಾಲದ ಕನ್ನಡ ಮಗುವಿಗಾಗಿ ನಾವು ಬೇಡುವ ನ್ಯಾಯವನ್ನು ಉದಯಗಿರಿಯ ಉರ್ದು ಮಗುವಿಗೂ ನೀಡಬೇಕಾದೀತು. ಗೆರೆಯ ಯಾವ ಬದಿಯಲ್ಲಿ ನಿಂತಿದ್ದೇವೆಂಬುದರ ಮೇಲೆ ಬದಲಾಗುವ ನ್ಯಾಯವು ನ್ಯಾಯವಲ್ಲ.